ಮಲಪ್ರಭೆಯ ನೆರೆಗೂ ಮುಂಬೈಯ ಬಡ್ಡಿದರಕ್ಕೂ ಏನು ನಂಟು?

2019ರ ಆಗಸ್ಟ್ ತಿಂಗಳು. ಮಲಪ್ರಭೆ ದಂಡೆ ಮೀರಿ ಹರಿದಳು. ನರಗುಂದ ತಾಲ್ಲೂಕಿನ ಕೊಣ್ಣೂರು, ರೋಣ ತಾಲ್ಲೂಕಿನ ಹೊಳೆಆಲೂರಿನಂಥ ನದಿಯಂಚಿನ ಊರುಗಳಿಗೆ ನೀರು ನುಗ್ಗಿತು. ಜನ ದನಕರುಗಳೊಂದಿಗೆ ಎತ್ತರದ ಜಾಗ ಹುಡುಕಿ ಹೊರಟರು. ಹೊಲದ ಪೈರು ನೀರುಪಾಲಾಯಿತು. ಮಳೆ ಅಲ್ಲಿಗೇ ನಿಲ್ಲಲಿಲ್ಲ. ಸುಗ್ಗಿಯ ಹೊತ್ತಿನವರೆಗೂ ಹಿಡಿದು, ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆ ಉಳ್ಳಾಗಡ್ಡಿಯನ್ನು ನೆಲದಲ್ಲೇ ಕೊಳೆಸಿತು. ಡಿಸೆಂಬರ್ ಹೊತ್ತಿಗೆ ಪೇಟೆಯಲ್ಲಿ ಉಳ್ಳಾಗಡ್ಡಿಯ ಬೆಲೆ ಕಿಲೋಗೆ ನೂರು ರೂಪಾಯಿ ದಾಟಿತು.

ಅದೇ ಡಿಸೆಂಬರ್ 5ರಂದು ಮುಂಬೈಯಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಒಂದು ತೀರ್ಮಾನ ಪ್ರಕಟಿಸಿತು. ಆ ವರ್ಷ ಐದು ಸಲ ಬಡ್ಡಿದರ ಇಳಿಸಿದ್ದ ಬ್ಯಾಂಕು ಆರನೆಯ ಸಲವೂ ಇಳಿಸೀತು ಎಂದು ಹಲವರು ನಿರೀಕ್ಷಿಸಿದ್ದರು. ಬ್ಯಾಂಕು ಇಳಿಸಲಿಲ್ಲ. ದರವನ್ನು ಇದ್ದಲ್ಲಿಯೇ ನಿಲ್ಲಿಸಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು ತರಕಾರಿಯ, ಅದರಲ್ಲೂ ಉಳ್ಳಾಗಡ್ಡಿಯ, ಬೆಲೆ ಏರಿಕೆ.

ಎಲ್ಲಿಯ ಕೊಳೆತ ಉಳ್ಳಾಗಡ್ಡಿ, ಎಲ್ಲಿಯ ಬಡ್ಡಿದರ? ಮನೆ ಕಟ್ಟಲು, ಮಕ್ಕಳನ್ನು ಓದಿಸಲು ಸಾಲ ಮಾಡಿದ ಪ್ರತಿಯೊಂದು ಮನೆಗೂ ಈ ನಂಟು ಸಂಬಂಧಿಸಿದ್ದು. ಬ್ಯಾಂಕಿನಲ್ಲಿ ಸಾಲವೇ ಮಾಡದ ಮನೆಗೆ ಅದಕ್ಕಿಂತ ಹೆಚ್ಚು ಸಂಬಂಧಿಸಿದ್ದು.

ತೂಬಿನ ಗೇಟು

ನವಿಲುತೀರ್ಥದ ಅಣೆಕಟ್ಟಿನಲ್ಲಿ ಗೇಟು ಎತ್ತಿದ ಕೂಡಲೇ ನರಗುಂದದ ಹೊಲಕ್ಕೆ ನೀರು ಬರುವುದಿಲ್ಲ. ಮುಖ್ಯ ಕಾಲುವೆ, ಉಪಕಾಲುವೆ, ಹೊಲಗಾಲುವೆ ಎಲ್ಲವನ್ನೂ ದಾಟಿ ಬರಬೇಕು. ಗೇಟು ಇಳಿಸಿದ ಮೇಲೂ ಕಾಲುವೆಯಲ್ಲಿದ್ದ ನೀರು ಕೆಲಕಾಲ ಹರಿಯುತ್ತಲೇ ಇರುತ್ತದೆ. ದೇಶದಲ್ಲಿ ಹಣ ಹರಿಯುವುದೂ ಹೆಚ್ಚುಕಡಿಮೆ ಹೀಗೆಯೇ. ಅದರ ಗೇಟು ಇರುವುದು ರಿಸರ್ವ್ ಬ್ಯಾಂಕಿನ ಕೈಯಲ್ಲಿ.

ರಿಸರ್ವ್ ಬ್ಯಾಂಕು ಕೆಲಸ ಆರಂಭಿಸಿದ್ದು 1935ರ ಏಪ್ರಿಲ್ 1ರಂದು. ಮೊದಲು ಷೇರುದಾರರ ಸಂಸ್ಥೆಯಾಗಿದ್ದ ಅದು 1949ರ ಜನವರಿ 1ರಂದು ರಾಷ್ಟ್ರೀಕರಣಗೊಂಡಿತು. ಅದು ಬ್ಯಾಂಕುಗಳ ಬ್ಯಾಂಕು. ನಮ್ಮ ನಿಮ್ಮಂಥವರು ಅಲ್ಲಿ ಉಳಿತಾಯ ಖಾತೆ ತೆರೆಯುವಂತಿಲ್ಲ. ಮನೆಯಲ್ಲಿ ಕೈ ಬಿಗಿಯಾದಾಗ ಬಂಗಾರ ಅಡ ಇಟ್ಟು ಸಾಲ ತರುತ್ತಾರಲ್ಲ, ಹಾಗೆಯೇ ಬ್ಯಾಂಕುಗಳು ಸರ್ಕಾರಿ ಸಾಲಪತ್ರಗಳನ್ನು ರಿಸರ್ವ್ ಬ್ಯಾಂಕಿನಲ್ಲಿ ಅಡ ಇಟ್ಟು ಅಲ್ಪಾವಧಿಯ ಸಾಲ ಪಡೆಯುತ್ತವೆ. ಈ ಸಾಲಕ್ಕೆ ತಗಲುವ ಬಡ್ಡಿಯೇ ರೆಪೊ ದರ. ಅದು ಏರಿದರೆ ಬ್ಯಾಂಕುಗಳಿಗೆ ಹಣ ತುಟ್ಟಿಯಾಗುತ್ತದೆ. ಅವು ಜನರಿಗೆ ಕೊಡುವ ಸಾಲವೂ ತುಟ್ಟಿಯಾಗುತ್ತದೆ. ಸಾಲ ತುಟ್ಟಿಯಾದರೆ ಮನೆ ಕಟ್ಟುವವರು, ಗಾಡಿ ಕೊಳ್ಳುವವರು, ಅಂಗಡಿ ಹಿಗ್ಗಿಸುವವರು ಸ್ವಲ್ಪ ತಡೆಯುತ್ತಾರೆ. ಕೊಳ್ಳುವವರು ಕಡಿಮೆಯಾದಾಗ ಬೆಲೆಗಳ ಓಟ ನಿಧಾನವಾಗುತ್ತದೆ. ದರ ಇಳಿಸಿದರೆ ಇದೆಲ್ಲ ತಿರುಗುಮುರುಗು.

ಇನ್ನೊಂದು ಗೇಟೂ ಇದೆ. ಜನರು ಇಟ್ಟ ಠೇವಣಿಯ ಒಂದು ಪಾಲನ್ನು ಬ್ಯಾಂಕುಗಳು ಸಾಲ ಕೊಡದೆ ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕು. ಇದಕ್ಕೆ ನಗದು ಮೀಸಲು ಅನುಪಾತ ಎಂದು ಹೆಸರು. ಇದನ್ನು ಇಳಿಸಿದರೆ ಬ್ಯಾಂಕುಗಳ ಕೈಗೆ ಸಾಲ ಕೊಡಲು ಹೆಚ್ಚು ಹಣ ಬರುತ್ತದೆ, ಏರಿಸಿದರೆ ಕಡಿಮೆ.

ಗೇಟು ಎಷ್ಟು ಎತ್ತಬೇಕು ಎಂಬುದನ್ನು 2016ರಿಂದ ಹಣಕಾಸು ನೀತಿ ಸಮಿತಿ ತೀರ್ಮಾನಿಸುತ್ತದೆ. ಅದರಲ್ಲಿ ಆರು ಜನ. ಗವರ್ನರ್ ಸೇರಿ ಮೂವರು ರಿಸರ್ವ್ ಬ್ಯಾಂಕಿನವರು, ಮೂವರು ಕೇಂದ್ರ ಸರ್ಕಾರ ನೇಮಿಸಿದ ಹೊರಗಿನವರು. ಮತ ಸಮವಾದರೆ ಗವರ್ನರ್ ಅವರಿಗೆ ನಿರ್ಣಾಯಕ ಮತ. ಬೆಲೆ ಏರಿಕೆಯ ವಾರ್ಷಿಕ ಪ್ರಮಾಣ ಶೇ. 4ರ ಹತ್ತಿರ ಇರಬೇಕು, 2ಕ್ಕಿಂತ ಇಳಿಯಬಾರದು, 6ನ್ನು ಮೀರಬಾರದು ಎಂಬ ಗುರಿಯನ್ನು ಸರ್ಕಾರ 2016ರಲ್ಲಿ ಗೊತ್ತುಮಾಡಿ, 2021ರಲ್ಲಿ ಮತ್ತೆ ಐದು ವರ್ಷಕ್ಕೆ ಮುಂದುವರಿಸಿತು. ದೇಶದ ಬೆಳವಣಿಗೆಯನ್ನೂ ಗಮನದಲ್ಲಿ ಇಟ್ಟುಕೊಂಡೇ ಈ ಗುರಿ ಸಾಧಿಸಬೇಕು ಎಂಬುದು ಕಾನೂನಿನ ಮಾತು.

ಹಿಂದಿನ ತಿಂಗಳ ಲೆಕ್ಕ, ಮುಂದಿನ ವರ್ಷದ ಚಿಂತೆ

ಈಗ 2019ರ ಡಿಸೆಂಬರ್‌ಗೆ ಮರಳೋಣ. ಸಮಿತಿಯ ಮುಂದೆ ಎರಡು ಲೆಕ್ಕಗಳಿದ್ದವು. ಜುಲೈ–ಸೆಪ್ಟೆಂಬರ್ ಅವಧಿಯಲ್ಲಿ ದೇಶದ ಆರ್ಥಿಕ ಬೆಳವಣಿಗೆ ಆಗಿನ ಅಂದಾಜಿನಂತೆ ಶೇ. 4.5ಕ್ಕೆ ಕುಸಿದಿತ್ತು. ಇದನ್ನು ನೋಡಿದರೆ ಗೇಟು ಎತ್ತಬೇಕು, ಬಡ್ಡಿ ಇಳಿಸಬೇಕು. ಇನ್ನೊಂದು ಕಡೆ ಬೆಲೆಗಳು ಏರುತ್ತಿದ್ದವು. ಇದನ್ನು ನೋಡಿದರೆ ಗೇಟು ಎತ್ತಬಾರದು.

ಸಾಲದೆಂಬಂತೆ, ಬೆಲೆಗಳ ಬಗ್ಗೆ ಅವರ ಕೈಯಲ್ಲಿದ್ದ ಹೊಸ ಅಂಕಿ ಎಂದರೆ ಅಕ್ಟೋಬರ್ ತಿಂಗಳದ್ದು. ಅದು ಶೇ. 4.62. ಡಿಸೆಂಬರ್‌ನ ನಿಜವಾದ ಅಂಕಿ ಶೇ. 7.35 ಎಂದು ಗೊತ್ತಾದದ್ದು ಜನವರಿಯಲ್ಲಿ. ಆ ತಿಂಗಳು ತರಕಾರಿಯ ಬೆಲೆ ಹಿಂದಿನ ವರ್ಷದ ಡಿಸೆಂಬರ್‌ಗೆ ಹೋಲಿಸಿದರೆ ಶೇ. 60ಕ್ಕೂ ಮೀರಿ ಏರಿತ್ತು. ಅಂದರೆ ಸಮಿತಿ ನೋಡುತ್ತಿದ್ದದ್ದು ಎರಡು ತಿಂಗಳ ಹಿಂದಿನ ಲೆಕ್ಕ. ಅದು ಮಾಡುವ ತೀರ್ಮಾನ ಪೂರ್ತಿ ಫಲ ಕೊಡಲು ಹಿಡಿಯುವುದು ಹಲವು ತ್ರೈಮಾಸಿಕ. ರೋಹಿಣಿ ಮಳೆ ಬಿದ್ದೊಡನೆ ಹೆಸರು ಬಿತ್ತುವ ರೋಣದ ರೈತನಿಗೂ ಮುಂದಿನ ಮಳೆ ಹೇಗೋ ತಿಳಿದಿರುವುದಿಲ್ಲ. ತಿಳಿಯುವವರೆಗೆ ಕಾದರೆ ಹದ ತಪ್ಪುತ್ತದೆ. ಅನಿಶ್ಚಿತ ಕಾಲದಲ್ಲಿ ಕೇಂದ್ರ ಬ್ಯಾಂಕಿನ ಸ್ಥಿತಿಯೂ ಅದೇ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಬಡ್ಡಿ ಏರಿಸಿದರೆ ಕೊಳೆತ ಉಳ್ಳಾಗಡ್ಡಿ ಮತ್ತೆ ಬೆಳೆಯುತ್ತದೆಯೆ? ಖಂಡಿತ ಇಲ್ಲ. ಜನರು ಹೆಚ್ಚು ಕೊಳ್ಳುವುದರಿಂದ ಬೆಲೆ ಏರಿದ್ದರೆ ಬಡ್ಡಿ ಕೆಲಸ ಮಾಡುತ್ತದೆ. ಸರಕೇ ಇಲ್ಲದೆ ಏರಿದ್ದರೆ ಅದರ ಕೈ ಬಹುಮಟ್ಟಿಗೆ ಕಟ್ಟಿಹೋಗಿರುತ್ತದೆ. ಹಾಗಿದ್ದೂ ಬ್ಯಾಂಕು ಕಣ್ಣು ಮುಚ್ಚಿ ಕೂರುವಂತಿಲ್ಲ. ಉಳ್ಳಾಗಡ್ಡಿ ತುಟ್ಟಿಯಾದಾಗ ಖಾನಾವಳಿಯವರು ಊಟದ ದರ ಏರಿಸುತ್ತಾರೆ. ಊಟ ತುಟ್ಟಿಯಾದಾಗ ಕೂಲಿಯವರು ಹೆಚ್ಚು ಕೂಲಿ ಕೇಳುತ್ತಾರೆ. ಉಳ್ಳಾಗಡ್ಡಿಯ ಬೆಲೆ ಹೊಸ ಬೆಳೆ ಬಂದಾಗ ಇಳಿಯುತ್ತದೆ. ಊಟದ ದರ ಇಳಿಯುವುದಿಲ್ಲ. ಬೆಲೆ ಏರುತ್ತಲೇ ಹೋಗುತ್ತದೆ ಎಂಬ ನಂಬಿಕೆ ಜನರಲ್ಲಿ ಬೇರೂರಿದರೆ ಆ ನಂಬಿಕೆಯೇ ಬೆಲೆಗಳನ್ನು ಏರಿಸತೊಡಗುತ್ತದೆ. ರಿಸರ್ವ್ ಬ್ಯಾಂಕು ತಡೆಯಲು ನೋಡುವುದು ಈ ಎರಡನೆಯ ಸುತ್ತನ್ನು. ಅದಕ್ಕಾಗಿಯೇ 2019ರ ಡಿಸೆಂಬರ್‌ನಲ್ಲಿ ಅದು ಗೇಟನ್ನು ಎತ್ತಲೂ ಇಲ್ಲ, ಇಳಿಸಲೂ ಇಲ್ಲ, ಕಾದು ನೋಡಿತು.

ಗೇಟು ಎತ್ತಿದ ವರ್ಷ

ಆದರೆ ಕಾದು ನೋಡಲು ಹೆಚ್ಚು ಸಮಯ ಸಿಗಲಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂತು. ಪೇಟೆ ಮುಚ್ಚಿತು, ಬಸ್ಸು ನಿಂತಿತು, ಸಂತೆ ಕೂಡಲಿಲ್ಲ. ಗಜೇಂದ್ರಗಡದಂಥ ನೇಕಾರಿಕೆಯ ಊರುಗಳಲ್ಲಿ ಮಗ್ಗಕ್ಕೆ ನೂಲು ತರಿಸುವುದೂ ಕಷ್ಟ, ನೇಯ್ದ ಸೀರೆಯನ್ನು ಮಾರುವುದೂ ಕಷ್ಟ ಎಂಬ ಸ್ಥಿತಿ.

ಮಾರ್ಚ್ 27ರಂದು ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇ. 5.15ರಿಂದ 4.40ಕ್ಕೆ ಇಳಿಸಿತು. ಮೇ 22ರಂದು ಮತ್ತೆ 4.00ಕ್ಕೆ ಇಳಿಸಿತು. ನಗದು ಮೀಸಲು ಅನುಪಾತವನ್ನು ಶೇ. 4ರಿಂದ 3ಕ್ಕೆ ತಂದಿತು. ಇದೊಂದರಿಂದಲೇ ಬ್ಯಾಂಕುಗಳಿಗೆ ಸುಮಾರು 1,37,000 ಕೋಟಿ ರೂಪಾಯಿ ಬಿಡುಗಡೆಯಾಯಿತು. ಸಾಲದ ಕಂತುಗಳನ್ನು ಮೊದಲು ಮೂರು ತಿಂಗಳು, ಆಮೇಲೆ ಮತ್ತೆ ಮೂರು ತಿಂಗಳು, ಆಗಸ್ಟ್ 31ರವರೆಗೆ ಮುಂದೂಡಲು ಬ್ಯಾಂಕುಗಳಿಗೆ ಅನುಮತಿ ಕೊಟ್ಟಿತು.

ಈ ಕಂತು ಮುಂದೂಡಿಕೆಯನ್ನು ಅನೇಕರು ಮನ್ನಾ ಎಂದು ತಪ್ಪಾಗಿ ತಿಳಿದರು. ಮುಂದೂಡಿದ್ದು ಕಂತನ್ನು ಮಾತ್ರ; ಬಡ್ಡಿ ನಡೆಯುತ್ತಲೇ ಇತ್ತು. ಆ ಬಡ್ಡಿಯ ಮೇಲೆ ಮತ್ತೆ ಬಡ್ಡಿ ಹಾಕುವ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮುಂದೂಡಿದ ಅವಧಿಗೆ ಬಡ್ಡಿಯ ಮೇಲಿನ ಬಡ್ಡಿ ವಸೂಲು ಮಾಡಕೂಡದು ಎಂದು 2021ರ ಮಾರ್ಚ್‌ನಲ್ಲಿ ಕೋರ್ಟು ತೀರ್ಪು ಕೊಟ್ಟಿತು.

ಇಷ್ಟಾದರೂ ಈ ಗೇಟು ಎತ್ತಿದ್ದರಿಂದ ದೊಡ್ಡ ಅನಾಹುತ ತಪ್ಪಿತು ಎಂಬುದನ್ನು ಒಪ್ಪಬೇಕು. ದುಡಿಮೆ ನಿಂತಾಗ ಸಾಲದ ಪೇಟೆಯೂ ನಿಂತಿದ್ದರೆ, ಚೆನ್ನಾಗಿಯೇ ನಡೆಯುತ್ತಿದ್ದ ಅಂಗಡಿ, ಕಾರಖಾನೆಗಳೂ ಬಾಗಿಲು ಹಾಕಬೇಕಾಗುತ್ತಿತ್ತು.

ಸವುಳು–ಜವುಳು

ನರಗುಂದ, ನವಲಗುಂದದ ಎರೆಭೂಮಿಯ ರೈತರಿಗೆ ಇನ್ನೊಂದು ಪಾಠವೂ ಗೊತ್ತು. ನೀರು ಬರದಿದ್ದರೆ ಬೆಳೆ ಒಣಗುತ್ತದೆ. ಎರೆಮಣ್ಣಿಗೆ ನೀರು ಅತಿಯಾದರೆ ನೆಲ ಜವುಳಾಗುತ್ತದೆ, ಉಪ್ಪು ಮೇಲೆದ್ದು ಸವುಳಾಗುತ್ತದೆ. ಮಲಪ್ರಭೆಯ ಅಚ್ಚುಕಟ್ಟಿನಲ್ಲಿ ಹೀಗೆ ಕೆಟ್ಟ ಭೂಮಿ ಸಾಕಷ್ಟಿದೆ. ಹಣದ ವಿಷಯದಲ್ಲೂ ಈ ಅಪಾಯ ಉಂಟು. ಅಗ್ಗದ ಹಣ ಬಹಳ ಕಾಲ ಹರಿದರೆ ಬೆಲೆ ಏರಿಕೆಯ ಸವುಳು ಮೇಲೇಳುತ್ತದೆ.

2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿತು. ಭಾರತಕ್ಕೆ ಆಮದಾಗುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಬಹುಪಾಲು ಆ ಎರಡು ದೇಶಗಳದ್ದು. ಅಡುಗೆ ಎಣ್ಣೆ, ಕಚ್ಚಾ ತೈಲ, ಗೊಬ್ಬರ ಎಲ್ಲವೂ ಒಟ್ಟಿಗೆ ತುಟ್ಟಿಯಾದವು. ಏಪ್ರಿಲ್‌ನಲ್ಲಿ ಬೆಲೆ ಏರಿಕೆ ಶೇ. 7.79 ಮುಟ್ಟಿತು. ಮೇ 4ರಂದು, ನಿಗದಿಯಾಗಿದ್ದ ಸಭೆಯ ದಿನಕ್ಕೂ ಕಾಯದೆ, ಸಮಿತಿ ಸೇರಿ ದರವನ್ನು 4.00ರಿಂದ 4.40ಕ್ಕೆ ಏರಿಸಿತು. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿ, 2023ರ ಫೆಬ್ರವರಿಗೆ ದರ 6.50ಕ್ಕೆ ನಿಂತಿತು.

ಗೇಟು ಇಳಿಸಲು ತಡವಾಯಿತೆ? ಹಾಗೆ ವಾದಿಸಿದ ಅರ್ಥಶಾಸ್ತ್ರಜ್ಞರು ಇದ್ದಾರೆ. ಬೇಗ ಇಳಿಸಿದ್ದರೆ ಕೊರೊನಾದಿಂದ ಆಗಷ್ಟೇ ಚೇತರಿಸುತ್ತಿದ್ದ ಪೈರು ಒಣಗುತ್ತಿತ್ತು ಎಂಬುದು ಬ್ಯಾಂಕಿನ ಉತ್ತರ. ಸತತ ಮೂರು ತ್ರೈಮಾಸಿಕ ಬೆಲೆ ಏರಿಕೆ ಗುರಿಯ ಮಿತಿ ಮೀರಿದರೆ, ಏಕೆ ಹೀಗಾಯಿತು, ಯಾವಾಗ ಸರಿಹೋಗುತ್ತದೆ ಎಂದು ರಿಸರ್ವ್ ಬ್ಯಾಂಕು ಸರ್ಕಾರಕ್ಕೆ ಲಿಖಿತ ವಿವರಣೆ ಕೊಡಬೇಕು. 2022ರ ನವೆಂಬರ್‌ನಲ್ಲಿ ಮೊದಲ ಬಾರಿಗೆ ಅಂಥ ಪತ್ರ ಬರೆಯಬೇಕಾಯಿತು. ಇಷ್ಟು ದೊಡ್ಡ ಸಂಸ್ಥೆಯೂ ಗುರಿ ತಪ್ಪಿದಾಗ ಕಾರಣ ಬರೆದುಕೊಡಬೇಕು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಒಬ್ಬರಿಗೆ ಬಿಸಿಲು, ಒಬ್ಬರಿಗೆ ನೆರಳು

ಈಗ ಸ್ವಲ್ಪ ಲೆಕ್ಕ. ಗಜೇಂದ್ರಗಡದ ಒಂದು ಕುಟುಂಬ ಮನೆ ಕಟ್ಟಲು 10 ಲಕ್ಷ ರೂಪಾಯಿ ಸಾಲ ಪಡೆದಿದೆ ಎಂದುಕೊಳ್ಳಿ. ಅವಧಿ 20 ವರ್ಷ, ಬಡ್ಡಿ ಶೇ. 7. ತಿಂಗಳ ಕಂತು ಸುಮಾರು 7,753 ರೂಪಾಯಿ. 2022–23ರಲ್ಲಿ ರೆಪೊ ದರ ಒಟ್ಟು ಎರಡೂವರೆ ಅಂಶ ಏರಿತು. ಅಷ್ಟೇ ಏರಿಕೆಯನ್ನು ಈ ಸಾಲಕ್ಕೂ ಹಚ್ಚಿದರೆ ಬಡ್ಡಿ ಶೇ. 9.5, ಕಂತು ಸುಮಾರು 9,321 ರೂಪಾಯಿ. ತಿಂಗಳಿಗೆ 1,568 ರೂಪಾಯಿ ಹೆಚ್ಚು.

‘ಕಂತು ಹೆಚ್ಚು ಮಾಡಬೇಡಿ, ಅವಧಿ ಬೇಕಾದರೆ ಬೆಳೆಸಿ’ ಎಂದು ಮನೆಯವರು ಕೇಳಿದರು ಎನ್ನಿ. 10 ಲಕ್ಷಕ್ಕೆ ಶೇ. 9.5ರಂತೆ ಒಂದು ತಿಂಗಳ ಬಡ್ಡಿಯೇ ಸುಮಾರು 7,917 ರೂಪಾಯಿ. ಹಳೆಯ ಕಂತು 7,753. ಅಂದರೆ ಕಟ್ಟುವ ಕಂತು ಬಡ್ಡಿಗೇ ಸಾಲುವುದಿಲ್ಲ! ಅಸಲು ಕರಗುವ ಬದಲು ಬೆಳೆಯುತ್ತದೆ. ದರ ಏರಿದಾಗ ಹೊಸದಾಗಿ ಸಾಲ ಮಾಡಿದವರಿಗೆ ಹೊಡೆತ ಹೆಚ್ಚು ಎನ್ನುವುದು ಇದಕ್ಕೇ. ದರಕ್ಕೆ ತಕ್ಕಂತೆ ಬದಲಾಗುವ ಶೈಕ್ಷಣಿಕ ಸಾಲಕ್ಕೂ ಇದೇ ಲೆಕ್ಕ.

ಅದೇ ಓಣಿಯಲ್ಲಿ ನಿವೃತ್ತರಾದ ಹಿರಿಯರೊಬ್ಬರು ಇದ್ದಾರೆ. ಅವರ ಬದುಕು ನಡೆಯುವುದು ಠೇವಣಿಯ ಬಡ್ಡಿಯಿಂದ. 2020–21ರಲ್ಲಿ ಅನೇಕ ಬ್ಯಾಂಕುಗಳಲ್ಲಿ ಒಂದು ವರ್ಷದ ಠೇವಣಿಗೆ ಬಡ್ಡಿ ಶೇ. 5ರ ಆಸುಪಾಸಿನಲ್ಲಿತ್ತು. ಆ ವರ್ಷದ ಸರಾಸರಿ ಬೆಲೆ ಏರಿಕೆ ಶೇ. 6.2. ಒಂದು ಲಕ್ಷ ಇಟ್ಟವರಿಗೆ ವರ್ಷದ ಕೊನೆಗೆ 1,05,000 ಸಿಕ್ಕಿತು. ಒಂದು ಲಕ್ಷಕ್ಕೆ ಸಿಗುತ್ತಿದ್ದ ಸಾಮಾನಿಗೆ ಈಗ 1,06,200 ಬೇಕು. ಪಾಸ್‌ಬುಕ್ಕಿನಲ್ಲಿ ಹಣ ಬೆಳೆಯಿತು, ಚೀಲದಲ್ಲಿ ಸಾಮಾನು ಕಡಿಮೆಯಾಯಿತು. ಸಾಲಗಾರರನ್ನು ಉಳಿಸಿದ ಅಗ್ಗದ ಬಡ್ಡಿಯ ಖರ್ಚಿನಲ್ಲಿ ಒಂದು ಪಾಲನ್ನು ಕೊಟ್ಟವರು ಈ ಹಿರಿಯರು. ಬಡ್ಡಿ ಏರಿದಾಗ ಪಾತ್ರಗಳು ಅದಲುಬದಲಾಗುತ್ತವೆ. ಎಲ್ಲರಿಗೂ ಒಳ್ಳೆಯದಾಗುವ ಬಡ್ಡಿದರ ಎಂಬುದೊಂದು ಇಲ್ಲ.

ಕಾಲುವೆಯ ಕೊನೆಯ ಹೊಲ

ಕಾಲುವೆಯ ತಲೆಯಲ್ಲಿರುವವರಿಗೆ ನೀರು ಮೊದಲು, ಕೊನೆಯಂಚಿನ ಹೊಲಕ್ಕೆ ಬಂದರೆ ಬಂತು. ಹಣದ ಕಾಲುವೆಗೂ ಇಂಥ ಕೊನೆಯಂಚು ಇದೆ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಹೊಸ ಗೃಹಸಾಲ, ಸಣ್ಣ ಉದ್ದಿಮೆಗಳ ಸಾಲಗಳಲ್ಲಿ ಬದಲಾಗುವ ಬಡ್ಡಿಯವನ್ನು ರೆಪೊದಂಥ ಹೊರಗಿನ ಅಳತೆಗೋಲಿಗೆ ಕಟ್ಟಬೇಕೆಂಬ ನಿಯಮ ಬಂದಿತು. ಅಲ್ಲಿಗೆ ನೀರು ಬೇಗ ಮುಟ್ಟುತ್ತದೆ. ರೈತರ ಬೆಳೆಸಾಲಕ್ಕೆ ಬೇರೆಯೇ ಗೇಟು. ಸರ್ಕಾರದ ಬಡ್ಡಿ ಸಹಾಯಧನದಿಂದ ಅದು ಕಡಿಮೆ ಬಡ್ಡಿಗೆ ಸಿಗುತ್ತದೆ, ಕರ್ನಾಟಕದ ಸಹಕಾರ ಸಂಘಗಳಲ್ಲಿ ನಿಗದಿತ ಮಿತಿಯವರೆಗೆ ಶೂನ್ಯ ಬಡ್ಡಿ. ಆದರೆ ಕೈಗಡ, ಖಾಸಗಿ ಲೇವಾದೇವಿ, ವಾರದ ಕಂತಿನ ಸಾಲ? ಅಲ್ಲಿಗೆ ಮುಂಬೈಯ ಗೇಟಿನ ಸದ್ದು ಬಹುತೇಕ ಕೇಳಿಸುವುದೇ ಇಲ್ಲ.

2025ರ ಫೆಬ್ರವರಿ ಇದಕ್ಕೆ ಸಾಕ್ಷಿ. ಆ ತಿಂಗಳ 7ರಂದು ರಿಸರ್ವ್ ಬ್ಯಾಂಕು ಸುಮಾರು ಐದು ವರ್ಷಗಳ ನಂತರ ಮೊದಲ ಬಾರಿಗೆ ದರ ಇಳಿಸಿತು, 6.50ರಿಂದ 6.25ಕ್ಕೆ. ಅದೇ ತಿಂಗಳು ಕರ್ನಾಟಕದಲ್ಲಿ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಕಾಲುವೆಯ ತಲೆಯಲ್ಲಿ ನೀರು ಬಿಟ್ಟ ಸುದ್ದಿ, ಕೊನೆಯಲ್ಲಿ ನೀರಿಲ್ಲದ ಕೂಗು, ಎರಡೂ ಒಂದೇ ತಿಂಗಳ ಪತ್ರಿಕೆಗಳಲ್ಲಿ ಬಂದವು.

ಈ ಕೊನೆಯ ಹೊಲದ ಚಿಂತೆ ಈ ಸೀಮೆಗೆ ಹೊಸದಲ್ಲ. ಇದೇ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಪತ್ತಿನ ಸಂಘ ಕಟ್ಟಿದರು. ದೇಶದ ಮೊದಲ ಇಂಥ ಸಂಘವೆಂದು ಅದು ಹೆಸರಾಗಿದೆ. ರಿಸರ್ವ್ ಬ್ಯಾಂಕು ಹುಟ್ಟಲು ಆಗ ಇನ್ನೂ 30 ವರ್ಷ ಇತ್ತು.

ನರಗುಂದದ ಇನ್ನೊಂದು ನೆನಪೂ ಇಲ್ಲಿ ಪಾಠವಾಗುತ್ತದೆ. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ಸಿಡಿದೆದ್ದರು. ಗೋಲಿಬಾರ್ ಆಗಿ ಪ್ರಾಣಹಾನಿಯಾಯಿತು. ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಕರ ಕೇಳಿದರೆಂಬುದು ಆ ಸಿಟ್ಟಿನ ಕಾರಣಗಳಲ್ಲಿ ಒಂದು. ಬೆಲೆ ಏರಿಕೆಯನ್ನೂ ಅಂಥದೇ ಕರ ಎನ್ನಬಹುದು. ಅಗ್ಗದ ಸಾಲ ಸಿಕ್ಕವರಿಗೂ ಸಿಗದವರಿಗೂ ಎಣ್ಣೆಯ ಬೆಲೆ ಒಂದೇ. ದಿನಗೂಲಿಯಲ್ಲಿ ಮನೆ ನಡೆಸುವ ತಾಯಿಗೆ ಬ್ಯಾಂಕಿನ ಬಡ್ಡಿ ಇಳಿದದ್ದರಿಂದ ಏನೂ ಸಿಕ್ಕಿರಲಿಕ್ಕಿಲ್ಲ. ಆದರೆ ಹಣ ಅತಿಯಾಗಿ ಹರಿದು ಬೆಲೆ ಏರಿದರೆ, ಆಕೆ ಗಳಿಕೆಯ ದೊಡ್ಡ ಪಾಲನ್ನು ಊಟಕ್ಕೇ ಇಡುವವಳಾದ್ದರಿಂದ, ಎಲ್ಲರಿಗಿಂತ ಹೆಚ್ಚು ತೆರುವವಳು ಆಕೆಯೇ. ನೀರು ಕಾಣದ ಹೊಲಕ್ಕೆ ಕರ ಬಿದ್ದಂತೆ ಇದು.

ಆದ್ದರಿಂದಲೇ ಬೆಲೆಗಳನ್ನು ಹದ್ದಿನಲ್ಲಿಡುವ ಕೆಲಸವನ್ನು ಬರೀ ಪಟ್ಟಣದ ಷೇರುಪೇಟೆಯ ಸಂಗತಿ ಎಂದು ತಳ್ಳಿಹಾಕಬಾರದು. ಹಾಗೆಯೇ, ಗೇಟು ಹಿಡಿದವರಿಂದಲೇ ಎಲ್ಲವೂ ಆದೀತೆಂದೂ ತಿಳಿಯಬಾರದು. ಕೊನೆಯ ಹೊಲಕ್ಕೆ ಕಾಲುವೆ ತೋಡುವುದು, ಉಳ್ಳಾಗಡ್ಡಿ ಕೆಡದಂತೆ ಇಡಲು ಉಗ್ರಾಣ ಕಟ್ಟುವುದು, ನೆರೆಯಿಂದ ಊರು ಕಾಯುವುದು ಸರ್ಕಾರದ, ಸಹಕಾರ ಸಂಘಗಳ, ಸಮಾಜದ ಕೆಲಸ.

ಮನೆಯಲ್ಲಿ ಮಾಡಿ ನೋಡಿ

2025ರಲ್ಲಿ ಬೆಲೆ ಏರಿಕೆ ತಗ್ಗಿದಂತೆ ದರ ಇಳಿಯುತ್ತ ಬಂದು ಡಿಸೆಂಬರ್‌ನಲ್ಲಿ ಶೇ. 5.25 ಆಯಿತು. ಮುಂದೆ ಅದು ಯಾವ ಕಡೆ ಹೊರಳೀತು ಎಂದು ಖಚಿತವಾಗಿ ಹೇಳಬಲ್ಲವರಿಲ್ಲ. ಆದರೆ ಮನೆಯ ಲೆಕ್ಕವನ್ನು ಖಚಿತವಾಗಿ ಇಡಬಹುದು.

ವಿದ್ಯಾರ್ಥಿಗಳು ಒಂದು ನೋಟುಪುಸ್ತಕದಲ್ಲಿ ಹತ್ತು ಸಾಮಾನುಗಳ ಬೆಲೆಯನ್ನು ಪ್ರತಿ ತಿಂಗಳ ಮೊದಲ ಸಂತೆಯಲ್ಲಿ ಬರೆದಿಡಲಿ: ಬಿಳಿಜೋಳ, ತೊಗರಿಬೇಳೆ, ಎಣ್ಣೆ, ಉಳ್ಳಾಗಡ್ಡಿ, ಹಾಲು ಹೀಗೆ. ಒಂದು ವರ್ಷದ ನಂತರ ಯಾವುದು ಏರಿ ಇಳಿಯಿತು, ಯಾವುದು ಏರಿ ಅಲ್ಲೇ ಉಳಿಯಿತು ಎಂದು ನೋಡಲಿ. ರಿಸರ್ವ್ ಬ್ಯಾಂಕಿನ ತಲೆನೋವು ಏನೆಂಬುದು ಆ ಪುಟಗಳಲ್ಲೇ ಕಾಣುತ್ತದೆ.

ತಂದೆತಾಯಿಗಳು ಮನೆಯ ಸಾಲದ ಕಾಗದವನ್ನು ಒಮ್ಮೆ ತೆಗೆದು ಓದಲಿ. ಬಡ್ಡಿ ಸ್ಥಿರವೆ, ಬದಲಾಗುವುದೆ? ಬದಲಾಗುವುದಾದರೆ ಯಾವ ಅಳತೆಗೋಲಿಗೆ ಕಟ್ಟಿದ್ದು? ದರ ಏರಿದಾಗ ಕಂತು ಹೆಚ್ಚಿಸಬೇಕೆ, ಅವಧಿ ಬೆಳೆಸಬೇಕೆ ಎಂಬ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ಬ್ಯಾಂಕುಗಳಿಗೆ ಹೇಳಿದೆ. ಆ ಆಯ್ಕೆಯನ್ನು ಕೇಳಿ ಪಡೆಯಲು ಸಂಕೋಚಪಡಬೇಕಾಗಿಲ್ಲ. ಮೇಲಿನ ಲೆಕ್ಕವನ್ನು ಮಗ ಅಥವಾ ಮಗಳ ಕೈಯಲ್ಲಿ ನಿಮ್ಮದೇ ಸಾಲಕ್ಕೆ ಮಾಡಿಸಿ ನೋಡಿ. ಅದಕ್ಕೆ ಬೇಕಾದ ಶೇಕಡಾ ಗಣಿತವನ್ನು ಅವರು ಶಾಲೆಯಲ್ಲಿ ಆಗಲೇ ಕಲಿತಿರುತ್ತಾರೆ.